ಟಿವಿಯ ಬಲಮೂಲೆಯ ಹಸಿರು

ಹೊಸ ಇಪ್ಪತ್ತೊಂದು ಇಂಚಿನ ಟಿವಿಗೆ ಡೊಂಬಿವಲಿ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಒಂಬತ್ತು ಸಾವಿರ ಹೇಳುತ್ತಿದ್ದರು. ಚೌಕಾಶಿ ಮಾಡಿದರೆ ಎಂಟೂವರೆಗೆ ಇಳಿಯುತ್ತಿತ್ತು, ಸ್ಟೆಬಿಲೈಸರ್‌ಗೆ ಮತ್ತೆ ಐನೂರು. ಗೋಡೆಗೆ ತೂಗುಹಾಕುವ ತೆಳ್ಳಗಿನ ಟಿವಿಯ ಬೆಲೆ ಕೇಳಿಯೇ ಜಯಲತಾ ಅಂಗಡಿಯಿಂದ ಹೊರಬಿದ್ದಿದ್ದಳು. ಆ ದುಡ್ಡಿನಲ್ಲಿ ಮಗಳು ಅನುಷ್ಕಾಳ ಕಾಲೇಜೇ ಮುಗಿಯುತ್ತಿತ್ತು. ಯೋಗೀಶ ರಿಪೇರಿ ಮಾಡಿ ಮಾರುವ ಹಳೆಯ ಟಿವಿಗೆ ಮೂರು ಸಾವಿರದ ಇನ್ನೂರು. ಮನೆಗೆ ತಂದು ಕೂರಿಸುವುದು ಅದರಲ್ಲೇ ಸೇರಿತು. ಆರು ತಿಂಗಳೊಳಗೆ ಏನಾದರೂ ಕೆಟ್ಟರೆ ಬಂದು ನೋಡುವುದೂ ಸೇರಿತು.

ಜಯಲತಾ ಹಳೆಯದನ್ನೇ ಆರಿಸಿದಳು. ಹಿಂದಿನ ವರ್ಷದ ಜುಲೈ ನೆರೆಯಲ್ಲಿ ಅವರ ನೆಲಮಹಡಿಯ ಮನೆಗೆ ಸೊಂಟದವರೆಗೆ ನೀರು ನುಗ್ಗಿ ಮೊದಲಿನ ಟಿವಿ, ಮ್ಯೂಸಿಕ್ ಸಿಸ್ಟಮ್, ದೇವರ ಮರದ ಮಂಟಪ, ಅಕ್ಕಿ ಡ್ರಮ್ಮು ಎಲ್ಲ ಹಾಳಾಗಿದ್ದವು. ಫ್ರಿಜ್ಜು, ಗಾದಿ, ಕಪಾಟು ಎಂದು ಒಂದೊಂದೇ ಕೊಂಡು ಮುಗಿಸುವಷ್ಟರಲ್ಲಿ ವರ್ಷ ತಿರುಗಿತ್ತು. ಗಂಡ ಮುಂಡಪ್ಪನಿಗೆ ಕಲ್ಯಾಣದ ಒಂದು ಹೋಟೆಲಿನಲ್ಲಿ ಪಾಲು ಇತ್ತು ನಿಜ, ಆದರೆ ನೆರೆಯಲ್ಲಿ ಹೋಟೆಲಿನ ಗ್ರೈಂಡರುಗಳೂ ಮುಳುಗಿದ್ದವು.

ಟಿವಿ ಮಾರಿದ ಯೋಗೀಶ ಬಾಗಿಯ ಮಗ. ಬಾಗಿ ಮುಂಡಪ್ಪನ ಹೋಟೆಲಿನ ಹಿಂಬದಿಯಲ್ಲಿ ವರ್ಷಗಟ್ಟಲೆ ಪಾತ್ರೆ ತೊಳೆದವಳು. ಊರಿನಲ್ಲಿ ಅವಳ ತಾಯಿ ಜಯಲತಾಳ ತವರಿನ ಅಂಗಳ ಗುಡಿಸುತ್ತಿದ್ದಳು. ಅಂಗಳದಿಂದ ಮೇಲೆ ಹತ್ತುವ ಜಾತಿಯವಳಲ್ಲ. ಮುಂಬಯಿ ಕಡೆಗೆ ಬಂದ ಮೇಲೆ ಅಂಥ ಲೆಕ್ಕಗಳನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೂ ಬಾಗಿ ಆಗಾಗ ಮಧ್ಯಾಹ್ನ ಬಂದು ಹಾಲ್‌ನ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಹೋಗುತ್ತಿದ್ದಳು. ಅವಳ ಮಗ ಐಟಿಐ ಸೇರುವಾಗ ಫೀಸು ಕಟ್ಟಿದವಳು ಜಯಲತಾಳೇ.

ಯೋಗೀಶನಿಗೆ ಈಗ ಬೇಕಾಗಿದ್ದದ್ದು ಅವರ ಬಿಲ್ಡಿಂಗಿನ ರಸ್ತೆ ಬದಿಯ ಗಾಳಾ, ಎಂದರೆ ಸಣ್ಣ ಅಂಗಡಿ ಕೋಣೆ. ಒಂದು ಷಟರ್, ಒಳಗೆ ಒಂದು ಮೇಜು ಮತ್ತು ನಾಲ್ಕು ಟಿವಿ ಹಿಡಿಯುವಷ್ಟು ಜಾಗ. ಅದು ಮುಂಡಪ್ಪನದು. ಅಲ್ಲಿದ್ದ ದರ್ಜಿ ಕಾಮೋಠೆಗೆ ಹೋದ ಮೇಲೆ ಖಾಲಿ ಬಿದ್ದಿತ್ತು.

"ನಮ್ಮ ದಿವಾದಲ್ಲಿ ಎಂಥ ಗಿರಾಕಿ ಆಂಟಿ?" ಟಿವಿ ಕೂರಿಸಲು ಬಂದ ದಿನವೇ ಯೋಗೀಶ ಕೇಳಿದ್ದ. "ನಮ್ಮ ಚಾಳಿನ ಗಲ್ಲಿಯಲ್ಲಿ ಟಿವಿ ಹಿಡ್ಕೊಂಡು ಒಬ್ಬ ಬಂದ್ರೆ ಎದುರಿನವ ವಾಪಸ್ ಹೋಗ್ಬೇಕು. ಗಾಳಾ ಸಿಕ್ಕಿದ್ರೆ ನನ್ನ ಲೈಫೇ ಸೆಟ್. ನೀವು ಅಂಕಲ್‌ಗೆ ಒಂದು ಮಾತು ಹೇಳಿ."

ಜಯಲತಾ ಹೇಳಿದಳು. ಮುಂಡಪ್ಪ ಊಟದ ತಟ್ಟೆಯಿಂದ ತಲೆಯೆತ್ತದೆ ಉತ್ತರಿಸಿದ: "ತಾಯಿ ಹೇಗೆ ಅಂತ ನನಗೆ ಗೊತ್ತುಂಟು. ಮಗ ಹೇಗೆ ಅಂತ ಗೊತ್ತಿಲ್ಲ. ಟಿವಿ ಕೊಟ್ಟಿದ್ದಾನಲ್ಲ, ಹೇಗೆ ನಡೀತದೆ ನೋಡು. ಮೊಬೈಲ್ ರೀಚಾರ್ಜಿನವ ಒಬ್ಬ ಹಿಂದೆ ಬಿದ್ದಿದ್ದಾನೆ, ಅವನಿಗೆ ಸ್ವಲ್ಪ ದಿನ ನಿಲ್ಲು ಅಂತೇನೆ. ನೀನು ಈ ಹುಡುಗ ಸರಿ ಅಂದ್ರೆ ಗಾಳಾ ಅವನಿಗೇ."

ಟಿವಿ ಚೆನ್ನಾಗಿಯೇ ನಡೆಯಿತು. ಹಾಲ್‌ನಲ್ಲಿ ನೆರೆ ನೀರು ಮುಟ್ಟದಷ್ಟು ಎತ್ತರದಲ್ಲಿ ಸಾಮಾನು ಇಡುವ ಜಾಗ ಎಂದರೆ ಅದರ ತಲೆಯೇ. ಮಂಟಪ ಹೋದ ಮೇಲೆ ಗೋಡೆಯ ಮೊಳೆಗೆ ನೇತುಬಿದ್ದಿದ್ದ ಕಟೀಲಿನ ಅಮ್ಮನವರ ಫೋಟೋವನ್ನು ಜಯಲತಾ ಒಂದು ಶುಕ್ರವಾರ ಕಸೂತಿ ಬಟ್ಟೆ ಹಾಸಿ ಟಿವಿಯ ಮೇಲೆ ಇಟ್ಟಳು. ಪಕ್ಕದಲ್ಲಿ ಹಿತ್ತಾಳೆಯ ಗಣಪತಿ, ವಾಶಿಯ ಪ್ರದರ್ಶನದಿಂದ ತಂದ ಮಂತ್ರದ ಡಬ್ಬಿ. ಪ್ಲಗ್ ಹಾಕಿದರೆ ಹಗಲಿಡೀ ಸಣ್ಣ ಧ್ವನಿಯಲ್ಲಿ ಜಪ ಮಾಡುತ್ತಿತ್ತು. ಪ್ಲಗ್ ಪಾಯಿಂಟೂ ಟಿವಿಯ ಹತ್ತಿರವೇ ಇದ್ದದ್ದು.

ಆ ವಾರವೇ ಹಸಿರು ಕಾಣಿಸಿತು. ವಾರ್ತೆ ಓದುವವಳ ಮುಖ ಸರಿಯಾಗಿತ್ತು, ಅವಳ ಹಿಂದಿನ ಗೋಡೆ ಬಲ ಮೇಲ್ಮೂಲೆಯಲ್ಲಿ ಪಾಚಿಗಟ್ಟಿದಂತೆ ಹಸಿರಾಗಿತ್ತು, ಅಂಚಿನಲ್ಲಿ ನೇರಳೆ. ಕ್ರಿಕೆಟ್ ಹಾಕಿದರೆ ಆಟಗಾರ ಆ ಮೂಲೆಗೆ ಓಡಿದ ಕೂಡಲೇ ಅವನ ಬಿಳಿ ಅಂಗಿಗೆ ಬಣ್ಣ ಬಳಿದಂತಾಗುತ್ತಿತ್ತು. ಜಯಲತಾ ಬಣ್ಣ ಕಡಿಮೆ ಮಾಡಿ ನೋಡಿದಳು, ಕೇಬಲ್ ಪಿನ್ ತೆಗೆದು ಹಾಕಿದಳು, ಬೇರೆ ಚಾನೆಲ್ ಹಾಕಿದಳು. ಚಾನೆಲ್ ಬದಲಾದರೂ ಹಸಿರು ಜಾಗ ಬಿಟ್ಟು ಕದಲಲಿಲ್ಲ.

ಎರಡನೇ ಮಹಡಿಯ ವಿಮಲಾ ಮೆಂತ್ಯ ಸೊಪ್ಪು ಹಂಚಿಕೊಳ್ಳಲು ಬಂದವಳು ಟಿವಿಯ ಮುಂದೆ ನಿಂತು ನಕ್ಕಳು.

"ಜಯಕ್ಕ, ಇದು ನೆರೆಯ ಟಿವಿ. ನೀರಲ್ಲಿ ಮುಳುಗಿದ್ದನ್ನೆಲ್ಲ ಭಂಗಾರದವರ, ಗುಜರಿಯವರ ಹತ್ತಿರ ತೂಕಕ್ಕೆ ತಗೊಳ್ತಾರೆ, ಬಿಸಿಲಿಗಿಟ್ಟು ಒಣಗಿಸಿ ಮಾರ್ತಾರೆ. ನಿಮ್ಮ ಹಳೇ ಟಿವಿಯನ್ನೇ ನಿಮಗೆ ವಾಪಸ್ ಕೊಟ್ಟಿದ್ದಾನೇನೋ, ಸರಿಯಾಗಿ ನೋಡಿದ್ರಾ?"

"ಸುಮ್ನಿರು ವಿಮಲಾ. ನಮ್ಮ ಬಾಗಿಯ ಮಗ ಅವ."

"ಅದಕ್ಕೇ ಅಂದದ್ದು. ಗುರುತಿನವರಿಗೆ ಟೋಪಿ ಹಾಕುದು ಸುಲಭ. ಜಗಳ ಮಾಡ್ಲಿಕ್ಕೆ ನಮಗೇ ನಾಚಿಕೆ ಆಗ್ತದಲ್ಲ."

ಮಾತು ತಮಾಷೆಗೆ ಹೇಳಿದ್ದು. ಆದರೆ ವಿಮಲಾ ಮೆಟ್ಟಿಲು ಹತ್ತಿ ಹೋದ ಮೇಲೆ ಜಯಲತಾ ಟಿವಿಯ ಹಿಂಭಾಗಕ್ಕೆ ಬಗ್ಗಿ ಕೆಸರಿನ ಗುರುತು ಉಂಟಾ ಎಂದು ಬ್ಯಾಟರಿ ಹಾಕಿ ಹುಡುಕಿದಳು. ಕೆಸರು ಕಾಣಲಿಲ್ಲ. ತೊಳೆದಿರಬಹುದು ಎಂದುಕೊಂಡಳು.

ಯೋಗೀಶನಿಗೆ ಫೋನ್ ಹೋಯಿತು. ಅವನು ಮರುದಿನ ಹನ್ನೊಂದು ಗಂಟೆಗೆ ಬರುತ್ತೇನೆಂದ. ಮರುದಿನ ಬೆಳಿಗ್ಗೆ ಜಯಲತಾ ಸ್ನಾನ ಮುಗಿಸಿ, ಟಿವಿಯ ಮೇಲಿದ್ದ ಫೋಟೋ, ಗಣಪತಿ, ಡಬ್ಬಿ ಎಲ್ಲವನ್ನೂ ಒಳಗಿನ ಕೋಣೆಯ ಕಪಾಟಿನ ಮೇಲಿಟ್ಟು, ಬಟ್ಟೆ ಮಡಚಿ, ಕೋಣೆಯ ಬಾಗಿಲನ್ನು ಎಳೆದಳು. ಹಾಗೆ ಮಾಡಬೇಕೆಂದು ಯೋಚಿಸಿ ಮಾಡಿದ್ದಲ್ಲ. ಹೊರಗಿನವರು ಬರುವಾಗ ಒಗೆದ ಬಟ್ಟೆಯನ್ನು ಕುರ್ಚಿಯಿಂದ ಎತ್ತುವಂತೆ ಕೈ ತಾನಾಗಿ ಮಾಡಿತು.

ಯೋಗೀಶ ಬಂದು ಸ್ವಿಚ್ ಹಾಕಿದ. ಟಿವಿ ಒಳಗಿನಿಂದ ಒಮ್ಮೆ ಗುಂಯ್ ಎಂದಿತು, ಚಿತ್ರ ಮೂಡಿತು. ನಾಲ್ಕೂ ಮೂಲೆ ತೊಳೆದಿಟ್ಟಂತೆ ಇತ್ತು.

"ಎಲ್ಲಿ ಆಂಟಿ ಹಸಿರು?"

"ಈಗ ಇಲ್ಲ. ನಿನ್ನೆಯವರೆಗೆ ಇತ್ತು."

"ನನ್ನ ಮುಖ ನೋಡಿ ಹೆದರಿ ಓಡಿತಾ?" ಎಂದು ಯೋಗೀಶ ನಕ್ಕ. ಜಯಲತಾ ನಗಲಿಲ್ಲ. ಅವನು ಟಿವಿಯ ಬದಿಗೆ ತಟ್ಟಿದ, ಹಿಂದಿನ ವೈರು ಅಲ್ಲಾಡಿಸಿದ, ಬಿಳಿ ಪರದೆ ಬರುವ ಚಾನೆಲ್ ಹುಡುಕಿ ಮೂಲೆಗೆ ಮೂಗು ತಾಗಿಸಿ ನೋಡಿದ.

"ಹತ್ತಿರ ಎಲ್ಲಾದ್ರೂ ಸ್ಪೀಕರ್ ಇಡ್ತೀರಾ? ಮ್ಯೂಸಿಕ್ ಸಿಸ್ಟಮ್, ರೇಡಿಯೋ, ಮ್ಯಾಗ್ನೆಟ್ ಇರುವಂಥದ್ದು ಏನಾದ್ರೂ?"

"ಮ್ಯೂಸಿಕ್ ಸಿಸ್ಟಮ್ ನೆರೆಯಲ್ಲಿ ಹೋದ ಮೇಲೆ ತಂದೇ ಇಲ್ಲ. ನೋಡು, ನಿನ್ನ ಎದುರೇ ಉಂಟಲ್ಲ, ಏನಾದ್ರೂ ಇದ್ಯಾ?"

ಅವಳು ಸುಳ್ಳು ಹೇಳಲಿಲ್ಲ. ದೇವರ ಡಬ್ಬಿಯೊಳಗೆ ಸ್ಪೀಕರ್ ಇದೆ ಎಂಬುದು ಅವಳ ತಲೆಗೇ ಬಂದಿರಲಿಲ್ಲ. ಯೋಗೀಶ ಗೋಡೆಯ ಆಚೆ ಏನಿದೆ ಎಂದು ಹೋಗಿ ನೋಡಿ ಬಂದ. ಆಚೆ ಮೆಟ್ಟಿಲು, ವಿಮಲಾಳ ಮನೆಯವರ ಸೈಕಲ್ಲು. ಬೇರೆ ಏನೂ ಇರಲಿಲ್ಲ.

"ಮತ್ತೆ ಬಂದ್ರೆ ಕೂಡ್ಲೇ ಹೇಳಿ. ರಿಮೋಟಿನಲ್ಲಿ ಮಾತ್ರ ಆಫ್ ಮಾಡ್ಬೇಡಿ, ಮೇನ್ ಸ್ವಿಚ್ಚೂ ತೆಗೀರಿ," ಎಂದು ಹೊರಟ.

ಸಂಜೆ ಜಯಲತಾ ದೇವರನ್ನು ಅವರ ಜಾಗಕ್ಕೆ ತಂದು ಕೂರಿಸಿ ಹೂ ಇಟ್ಟಳು. ಮಾರನೇ ದಿನ ಮಧ್ಯಾಹ್ನದ ಧಾರಾವಾಹಿಯಲ್ಲಿ ಸೊಸೆ ಅಳುತ್ತ ಬಲಮೂಲೆಯ ಬಾಗಿಲಿಗೆ ಹೋದಾಗ ಅವಳ ಅರ್ಧ ಮುಖ ಹಸಿರಾಯಿತು.

"ಅವ ಬಂದ್ರೆ ಸರಿ, ಹೋದ್ರೆ ಹಾಳು," ಎಂದಳು ಜಯಲತಾ ಮಗಳಿಗೆ. "ಏನೋ ಕರಾಮತ್ತು ಮಾಡಿ ಹೋಗ್ತಾನೆ ಅನ್ನಿಸ್ತದೆ. ಎರಡು ದಿನಕ್ಕೆ ಮಾತ್ರ ನಿಲ್ಲುವ ಹಾಗೆ."

"ಮಮ್ಮಿ, ತೂ ಭೀ ನಾ! ಅವ್ನಿಗೆ ಏನ್ ಫಾಯದಾ?" ಅನುಷ್ಕಾ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

"ಗಾಳಾ ಸಿಗುವವರೆಗೆ ದೂಡಿಕೊಂಡು ಹೋದ್ರೆ ಸಾಕಲ್ಲ ಅವನಿಗೆ. ಅದೇ ಫಾಯದಾ."

ಎರಡನೇ ಸಲ ಯೋಗೀಶ ಬಂದಾಗಲೂ ಟಿವಿಯ ತಲೆ ಬರಿದಾಗಿತ್ತು, ಮೂಲೆಯೂ ಶುಭ್ರವಾಗಿತ್ತು. ಈ ಸಲ ಅವನಿಗೂ ನಗು ಬರಲಿಲ್ಲ. ಟಿವಿಯನ್ನು ದಿವಾಕ್ಕೆ ಒಯ್ದು ನಾಲ್ಕು ದಿನ ಓಡಿಸಿ ನೋಡುತ್ತೇನೆ ಎಂದ. ಅವನು ಹಗ್ಗ ತರಲು ಹೊರಗೆ ಹೋದ ಹೊತ್ತಿನಲ್ಲಿ ಜಯಲತಾ ಅನುಷ್ಕಾಳ ಕೆಂಪು ನೇಲ್ ಪಾಲಿಶ್ ತಂದು ಹಿಂಬದಿಯ ಪ್ರತಿ ಸ್ಕ್ರೂವಿನ ತಲೆಗೂ ಒಂದೊಂದು ಚುಕ್ಕೆ ಇಟ್ಟಳು. ಪಾರ್ಟ್ ಬದಲಾಯಿಸುವವರು ಇರುತ್ತಾರೆ, ಗುರುತು ಇರಲಿ ಎಂದು ವಿಮಲಾ ಹೇಳಿಕೊಟ್ಟಿದ್ದಳು. ಸ್ಕ್ರೂ ತೆಗೆಯದೆ ರಿಪೇರಿ ಹೇಗೆ ಮಾಡುತ್ತಾನೆ, ತೆಗೆದರೆ ಗುರುತು ಉಳಿಯುವುದು ಹೇಗೆ ಎಂದು ಇಬ್ಬರೂ ಯೋಚಿಸಲಿಲ್ಲ.

ಲೋಕಲ್ ಟ್ರೈನಿನ ಲಗೇಜ್ ಬೋಗಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಟಿವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಯೋಗೀಶನಿಗೆ ಕೆಂಪು ಚುಕ್ಕೆಗಳು ಕಂಡವು. ಒಣಗಿರಲಿಲ್ಲ, ಬೆರಳಿಗೆ ಅಂಟಿತು. ಅವನಿಗೆ ಅರ್ಥವಾಯಿತು. ಆಮೇಲೆ ಅವನ ತಲೆಯಲ್ಲೂ ಒಂದು ಅನುಮಾನ ಕೂತಿತು. ಇಲ್ಲದ ಹಸಿರಿನ ಕತೆ ಕಟ್ಟುತ್ತಿದ್ದಾರಾ? ಗಾಳಾ ಕೊಡಲು ಮನಸ್ಸಿಲ್ಲದೆ, ಬೇಡ ಎನ್ನಲು ದಾಕ್ಷಿಣ್ಯವಾಗಿ, ನನ್ನ ಕೆಲಸವೇ ಸರಿಯಿಲ್ಲ ಎಂದು ಹೇಳಿಸಲು ದಾರಿ ಮಾಡುತ್ತಿದ್ದಾರಾ?

ದಿವಾದಲ್ಲಿ ಟಿವಿ ನಾಲ್ಕು ದಿನ ಬೆಳಗಿನಿಂದ ರಾತ್ರಿಯವರೆಗೆ ಓಡಿತು. ಒಂದು ಚುಕ್ಕೆ ಬಣ್ಣ ತಪ್ಪಲಿಲ್ಲ. ಆದರೂ ಯೋಗೀಶ, ಸ್ವಿಚ್ ಹಾಕಿದಾಗ ಪರದೆಯ ಬಣ್ಣ ತೊಳೆಯುವ ಒಂದು ಸಣ್ಣ ಪಾರ್ಟನ್ನು ತನ್ನ ಖರ್ಚಿನಲ್ಲೇ ಹೊಸದು ಹಾಕಿ ತಂದುಕೊಟ್ಟ.

"ಆಂಟಿ, ಸ್ಕ್ರೂಗೆ ಬಣ್ಣ ಹಚ್ಚಿದ್ದು ಯಾರು?" ಹೊರಡುವಾಗ ಕೇಳಿದ.

"ಅನುಷ್ಕಾ ಇರ್ಬೇಕು. ಅವಳದು ಎಂತೆಂಥದೋ ಹುಚ್ಚು."

"ಬಣ್ಣ ಒಳ್ಳೇದುಂಟು. ಬ್ರಾಂಡ್ ಯಾವ್ದು ಕೇಳಿ ಹೇಳಿ, ನಮಗೂ ಕೆಲಸಕ್ಕೆ ಬರ್ತದೆ."

ಅದು ಕುಟುಕು ಎಂದು ಜಯಲತಾಳಿಗೆ ತಿಳಿಯಿತು. ತಿಳಿಯಿತು ಎಂದು ಅವನಿಗೂ ತಿಳಿಯಿತು. ಇಬ್ಬರೂ ಟಿವಿಯನ್ನೇ ನೋಡುತ್ತ ನಿಂತರು.

ಗುರುವಾರದವರೆಗೆ ಚಿತ್ರ ಚೊಕ್ಕವಾಗಿತ್ತು. ಶುಕ್ರವಾರ ಜಯಲತಾ ಬಟ್ಟೆ ಒಗೆದು ಹಾಸಿ ದೇವರನ್ನು ಕೂರಿಸಿದಳು. ಶನಿವಾರ ಹಸಿರು ಮೊದಲಿಗಿಂತ ದೊಡ್ಡದಾಗಿ ಬಂತು. ಟಿವಿ ಹೊಸ ಪಾರ್ಟ್ ಹಾಕಿ ಬಂದದ್ದು, ಕಣ್ಣೆದುರೇ ಇದ್ದದ್ದು, ಯಾರೂ ಮುಟ್ಟದ್ದು. ಮತ್ತೆ ದೋಷ ಎಲ್ಲಿಂದ ಬಂತು? ಮಾರಿದವನಿಂದಲೇ ಬರಬೇಕು.

ಅವಳು ಮತ್ತೆ ಯೋಗೀಶನಿಗೆ ಫೋನ್ ಮಾಡಿದಳು. ಅವನು ಹೇಳಿದ: "ಹಾಗಾದ್ರೆ ಟ್ಯೂಬೇ ಹೋಗಿರ್ಬೇಕು ಆಂಟಿ. ಒಳಗಿನ ಜಾಲರಿ ಸಡಿಲ ಆಗಿರ್ಬಹುದು. ನಾನು ಬೇರೆ ಟ್ಯೂಬ್ ಹುಡುಕಿ ಹಾಕಿಕೊಡ್ತೇನೆ. ದುಡ್ಡು ಬೇಡ."

ದುಡ್ಡು ಬೇಡ ಎಂದದ್ದೇ ಜಯಲತಾಳಿಗೆ ಸಾಕ್ಷಿಯಾಯಿತು. ತಪ್ಪಿಲ್ಲದವನು ಸಾವಿರಾರು ರೂಪಾಯಿಯ ಟ್ಯೂಬ್ ಯಾಕೆ ಪುಕ್ಕಟೆ ಹಾಕಿಕೊಡುತ್ತಾನೆ?

ಅಂದು ಸಂಜೆ ಅವಳು ಮುಂಡಪ್ಪನಿಗೆ ಹೇಳಿದಳು: "ಹುಡುಗ ಸರಿ ಇಲ್ಲ ಇವರೇ. ಟ್ಯೂಬ್ ಹೋಗಿದ್ದು ಮೊದಲೇ ಗೊತ್ತಿತ್ತು ಅವನಿಗೆ."

"ಗೊತ್ತಿದ್ದೇ ಕೊಟ್ಟನಾ?"

"ಮತ್ತೇನು? ಈಗ ಬಾಯಿಬಿಟ್ಟ."

ಮುಂಡಪ್ಪ ಕನ್ನಡಕ ತೆಗೆದು ಒರೆಸಿದ. "ಪಾಪ, ಬಾಗಿ. ಆಯ್ತು. ನಾಳೆ ಆದಿತ್ಯವಾರ, ಸಂಜೆಗೆ ರೀಚಾರ್ಜಿನವ ಟೋಕನ್ ಅಡ್ವಾನ್ಸ್ ತಗೊಂಡು ಹೋಟೆಲಿಗೆ ಬರ್ತಾನೆ. ಅವನಿಗೇ ಕೊಟ್ಟುಬಿಡ್ತೇನೆ."

ಟಿವಿಯದ್ದೂ ಒಂದು ಕಡೆಯಾಗಬೇಕಿತ್ತಲ್ಲ. ವಿಮಲಾ ತನ್ನ ಮನೆಗೆ ಬರುವ ಪಾಧ್ಯೆ ಎಂಬ ಮೆಕ್ಯಾನಿಕ್‌ನ ನಂಬರ್ ಕೊಟ್ಟಳು. ಬ್ರಾಹ್ಮಣ, ವಯಸ್ಸಾದವನು, ಮೋಸ ಮಾಡುವವನಲ್ಲ ಎಂದಳು. ಪಾಧ್ಯೆ ಆದಿತ್ಯವಾರ ಬೆಳಿಗ್ಗೆ ಹತ್ತಕ್ಕೆ ಎಂದವನು ಹತ್ತಕ್ಕೇ ಬಂದ. ಜಯಲತಾ ಅಡುಗೆಮನೆಯಲ್ಲಿ ನೀರುದೋಸೆ ಹಾಕುತ್ತಿದ್ದಳು.

"ಮಮ್ಮಿ, ದೇವರನ್ನ ತೆಗೀಲಾ?" ಅನುಷ್ಕಾ ಕೇಳಿದಳು.

"ಇರಲಿ ಬಿಡು. ಅವರೇ ತೆಗೀತಾರೆ, ಬೇಕಾದ್ರೆ."

ಪಾಧ್ಯೆ ಚಪ್ಪಲಿ ಬಿಟ್ಟು ಒಳಗೆ ಬಂದು, ಟಿವಿಯ ಮುಂದೆ ನಿಂತು ಮೊದಲು ಅಮ್ಮನವರ ಫೋಟೋಗೆ ಕೈ ಮುಗಿದ. ಸ್ವಿಚ್ ಹಾಕಿದ. ಹಸಿರು ನೋಡಿದ. ಅದರ ನೇರ ಮೇಲೆ ಕೂತು ಜಪ ಮಾಡುತ್ತಿದ್ದ ಡಬ್ಬಿಯನ್ನೂ ನೋಡಿದ. ಪೆಟ್ಟಿಗೆ ಬಿಚ್ಚಲೂ ಇಲ್ಲ, ಉಪಕರಣದ ಚೀಲ ತೆರೆಯಲೂ ಇಲ್ಲ.

"ಕಾಕೂ, ಹಾ ಡಬ್ಬಾ ಇಥೆ ಕೋಣೀ ಠೇವಲಾ?"

ಇದನ್ನು ಇಲ್ಲಿ ಇಟ್ಟವರು ಯಾರು ಎಂದು ಕೇಳಿದರೆ ಮನೆಯಲ್ಲಿ ಬೇರೆ ಯಾರ ಹೆಸರು ಹೇಳುವುದು? "ನಾನೇ," ಎಂದಳು ಜಯಲತಾ, ಸೆರಗಿಗೆ ಕೈ ಒರೆಸುತ್ತ ಹಾಲಿಗೆ ಬಂದು.

ಪಾಧ್ಯೆ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಊಟದ ಮೇಜಿನ ಮೇಲಿಟ್ಟ. ಟಿವಿ ಆರಿಸಿ, ಸ್ವಲ್ಪ ಹೊತ್ತು ಊರಿನ ವಿಷಯ ಕೇಳಿ, ಮತ್ತೆ ಹಾಕಿದ. ಗುಂಯ್ ಎಂದಿತು. ಹಸಿರು ಇರಲಿಲ್ಲ. ಅವನು ಡಬ್ಬಿಯನ್ನು ಮತ್ತೆ ಪರದೆಯ ಹತ್ತಿರ ತಂದ. ನೀರಿನಲ್ಲಿ ಕುಂಕುಮ ಕದಡಿದಂತೆ ಬಣ್ಣಗಳು ಅದರ ಕಡೆಗೆ ಹರಿದವು. ದೂರ ಒಯ್ದ, ಹಿಂದೆ ಸರಿದವು. ಒಳಗೆ ಸ್ಪೀಕರ್ ಇದೆ, ಸ್ಪೀಕರಿನಲ್ಲಿ ಅಯಸ್ಕಾಂತ, ಟ್ಯೂಬಿಗೆ ಅದು ಆಗುವುದಿಲ್ಲ ಎಂದು ಮರಾಠಿಯಲ್ಲಿ ವಿವರಿಸಿದ. ಇಟ್ಟಷ್ಟು ದಿನ ಹಸಿರು, ತೆಗೆದು ಹೊಸದಾಗಿ ಸ್ವಿಚ್ ಹಾಕಿದರೆ ಶುಭ್ರ.

"ಮೊದಲು ಯಾರಿಗೆ ತೋರಿಸಿದ್ರಿ?" ಎಂದು ಕೇಳಿದ. "ಇಷ್ಟು ದೊಡ್ಡ ಡಬ್ಬಿ ಮೇಲೆ ಕೂತಿದೆ. ಅವನಿಗೆ ಕಣ್ಣಿಲ್ಲವೇ?"

ಜಯಲತಾಳಿಗಿಂತ ಮೊದಲು ಅನುಷ್ಕಾ ಬಾಯಿಬಿಟ್ಟಳು.

"ಯೋಗೀಶ್ ದಾದಾನೇ ದೇಖಾ ಹೀ ನಹೀ, ಅವ್ನಿಗೆ ಕಾಣ್ಲೇ ಇಲ್ಲ. ಅವ್ನು ಬರೋಕ್ಕಿಂತ ಮೊದಲೇ ಮಮ್ಮಿ ಎಲ್ಲಾ ಒಳಗೆ ಇಡ್ತಾ ಇದ್ಲು. ಹರ್ ಬಾರ್, ಪ್ರತೀ ಸಲ." ಹೇಳುತ್ತ ಹೇಳುತ್ತ ಅವಳ ಧ್ವನಿ ನಿಧಾನವಾಯಿತು. ತಾಯಿಯ ಕಡೆ ತಿರುಗಿದಳು. "ಮಮ್ಮಿ, ಇವರು ಬರುವಾಗ ಯಾಕೆ ತೆಗೀಲಿಲ್ಲ?"

ಪಾಧ್ಯೆ ಚೀಲ ಹೆಗಲಿಗೇರಿಸಿ ಪಂಖದ ಕಡೆ ನೋಡಿದ. ಅಡುಗೆಮನೆಯಲ್ಲಿ ದೋಸೆ ಸೀದ ವಾಸನೆ ಬಂತು. ಜಯಲತಾ ಹೋಗಿ ಗ್ಯಾಸ್ ಆರಿಸಿ ಕಾವಲಿ ಕೆರೆದಳು. ಮುಳುಗಿದ ಟಿವಿ, ಎರಡು ದಿನದ ಕರಾಮತ್ತು, ಪುಕ್ಕಟೆ ಟ್ಯೂಬ್. ಎಷ್ಟು ಜಾಣತನದಿಂದ ಅನುಮಾನಪಟ್ಟಿದ್ದಳು. ಅನುಮಾನಪಡಬೇಕಾದ ತನ್ನದೇ ಕೈ ಮಾತ್ರ ಬಿಟ್ಟುಹೋಗಿತ್ತು.

ಅವಳು ಹೋಟೆಲಿಗೆ ಫೋನ್ ಮಾಡಿದಳು. "ನೋಡಿ, ಇವತ್ತು ಟೋಕನ್ ತಗೊಳ್ಬೇಡಿ."

"ಈಗ ಎಂತಾಯ್ತು? ಅವ ಸಂಜೆ ಬರ್ತಾನೆ ಮಾರಾಯ್ತಿ, ಹೇಳಿಯಾಗಿದೆ!"

"ಸುಳ್ಳು ಹೇಳಿ. ಹೆಂಡತಿಗೆ ಹುಷಾರಿಲ್ಲ ಅನ್ನಿ. ನಾನು ದಿವಾಕ್ಕೆ ಹೋಗಿ ಬರ್ತೇನೆ."

ಲೋಕಲ್ಲಿನಲ್ಲಿ ಕೋಪರ್ ಸ್ಟೇಷನ್ ದಾಟಿದರೆ ದಿವಾ. ಆದಿತ್ಯವಾರವಾದರೂ ಬಾಗಿಲಲ್ಲಿ ನೇತಾಡುವಷ್ಟು ಜನ. ಹಳಿ ದಾಟಿ, ಚರಂಡಿಯ ಮೇಲೆ ಹಾಸಿದ ಕಲ್ಲುಗಳ ಮೇಲೆ ಹೆಜ್ಜೆ ಇಟ್ಟುಕೊಂಡು ತಾಯಿ ಮಗಳು ಚಾಳಿನ ಗಲ್ಲಿ ಹೊಕ್ಕರು. ಇಷ್ಟು ವರ್ಷಗಳಲ್ಲಿ ಜಯಲತಾ ಇಲ್ಲಿಗೆ ಬಂದದ್ದು ಇದೇ ಮೊದಲು. ಬಾಗಿಯ ಮನೆ ಬಾಗಿಲಿನಲ್ಲೇ ಮೂರು ಟಿವಿಗಳು ಒಂದರ ಮೇಲೊಂದು ಇದ್ದವು. ಯೋಗೀಶ ನೆಲದಲ್ಲಿ ಕೂತು ಬೆಸುಗೆ ಹಾಕುತ್ತಿದ್ದ. ಬಾಗಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅಯ್ಯೋ ಅಮ್ಮ, ನೀವು ಇಲ್ಲಿವರೆಗೆ ಬಂದ್ರಾ? ಫೋನ್ ಮಾಡಿದ್ರೆ ಇವನೇ ಬರ್ತಿದ್ದ." ಬಾಗಿ ಹಾಸಿಗೆಯ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿದಳು.

"ಟಿವಿ ಸರಿಯಾಯ್ತು ಯೋಗೀಶ," ಎಂದಳು ಜಯಲತಾ, ಕೂತ ಕೂಡಲೇ. "ಟ್ಯೂಬ್ ಹೋಗಿಲ್ಲ."

"ಯಾರು ಮಾಡಿದ್ದು?"

"ಪಾಧ್ಯೆ ಅಂತ. ಟಿವಿ ಮೇಲೆ ಮಂತ್ರದ ಡಬ್ಬಿ ಇತ್ತು. ಅದರ ಸ್ಪೀಕರಿನಿಂದ ಅಂತೆ."

ಯೋಗೀಶ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟ. "ಮೇಲೆ? ನಾನು ಬಂದಾಗ ಮೇಲೆ ಏನೂ ಇರ್ಲಿಲ್ಲ. ಎರಡೂ ಸಲ ಇರ್ಲಿಲ್ಲ. ನಾನು ಬಾಯಿಬಿಟ್ಟು ಕೇಳಿದ್ದೆ, ಸ್ಪೀಕರ್ ಇಡ್ತೀರಾ ಅಂತ."

"ಕೇಳಿದ್ದೆ."

"ಮತ್ತೆ ನಾನು ಬರುವಾಗ ಡಬ್ಬಿ ಎಲ್ಲಿಗೆ ಹೋಗ್ತಿತ್ತು?"

ಅನುಷ್ಕಾ ಬಾಗಿಲಾಚೆ ಗಲ್ಲಿಯನ್ನು ನೋಡತೊಡಗಿದಳು. ಉತ್ತರ ಕೊಟ್ಟವಳು ಬಾಗಿ. ಬೆಳ್ಳುಳ್ಳಿಯಿಂದ ಕೈ ತೆಗೆಯಲಿಲ್ಲ; ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ಧ್ವನಿಯಲ್ಲೇ ಹೇಳಿದಳು.

"ದೇವರ ಸಾಮಾನಲ್ವಾ ಮಗಾ. ನೀನು ಬರ್ತೀ ಅಂತ ಒಳಗೆ ಇಟ್ಟಿರ್ತಾರೆ. ನಾನು ಹೋದಾಗ್ಲೂ ಒಳಗಿನ ಕೋಣೆಯ ಬಾಗಿಲು ಎಳೀತಾರೆ."

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ? ಬಾಗಿಲು ಎಳೆಯುವ ಶಬ್ದ ಕೇಳ್ತದಲ್ಲ."

"ಗೊತ್ತಿದ್ದೂ ಹೋಗಿ ಚಹಾ ಕುಡಿದು ಬರ್ತಿದ್ದಿ?"

"ಚಹಾ ಒಳ್ಳೇದಿರ್ತಿತ್ತು," ಎಂದಳು ಬಾಗಿ.

ಜಯಲತಾ ಬರುವಾಗ ದಾರಿಯುದ್ದಕ್ಕೂ, ಡಬ್ಬಿಯ ಮಾತು ಹೇಳಿ, ಮಿಕ್ಕಿದ್ದನ್ನು ಅವರೇ ಅರ್ಥ ಮಾಡಿಕೊಳ್ಳಲಿ ಎಂದು ಬಿಟ್ಟುಬಿಡುವುದೆಂದು ನಿಶ್ಚಯಿಸಿದ್ದಳು. ಈಗ ಹಾಗೆ ಬಿಡುವುದು ಇನ್ನೊಂದು ಬಾಗಿಲು ಎಳೆದಂತೆ ಅನ್ನಿಸಿತು.

"ಪಾಧ್ಯೆ ಬಂದಾಗ ನಾನು ತೆಗೀ ಅಂತ ಹೇಳ್ಲಿಲ್ಲ ಯೋಗೀಶ. ನೀನು ಬರುವಾಗ ಮಾತ್ರ ತೆಗೆದೆ. ಅದಕ್ಕೇ ಅವರಿಗೆ ಕಂಡಿತು, ನಿನಗೆ ಕಾಣ್ಲಿಲ್ಲ. ಮತ್ತೆ ನೀನೇ ಮೋಸ ಮಾಡಿದಿ ಅಂತ ನಮ್ಮ ಮನೆಯವರಿಗೆ ಹೇಳಿದೆ. ಗಾಳಾ ಇವತ್ತು ಸಂಜೆ ಬೇರೆಯವರ ಪಾಲಾಗ್ಲಿಕ್ಕಿತ್ತು. ಫೋನ್ ಮಾಡಿ ನಿಲ್ಲಿಸಿದ್ದೇನೆ. ಗಾಳಾ ನಿನಗೆ. ಬಾಡಿಗೆ ಅರ್ಧ ಕೊಡು ಸಾಕು, ಡೆಪಾಸಿಟ್ ಬೇಡ."

ಯೋಗೀಶ ತನ್ನ ಬೆರಳ ತುದಿಯ ಸುಟ್ಟ ಕಲೆಗಳನ್ನು ಒಂದೊಂದಾಗಿ ಉಜ್ಜಿದ. ಬೇಡ ಎಂದುಬಿಡುವ ಆಸೆ ಅವನ ಮುಖದಲ್ಲಿ ಕಾಣುತ್ತಿತ್ತು. ಬಾಗಿಲಲ್ಲಿ ಒಂದರ ಮೇಲೊಂದು ಕೂತ ಟಿವಿಗಳನ್ನೂ ಅವನು ಒಮ್ಮೆ ನೋಡಿದ.

"ಪಾಧ್ಯೆ ಕೇಳಿದ್ರೆ ಗಾಳಾ ಎಷ್ಟಕ್ಕೆ ಕೊಡ್ತಿದ್ರಿ ಆಂಟಿ?"

"ಅದು... ಪೂರ್ತಿ ಬಾಡಿಗೆಗೆ."

"ಹಾಗಾದ್ರೆ ನನಗೂ ಪೂರ್ತಿ ಬಾಡಿಗೆಗೇ ಕೊಡಿ. ಡೆಪಾಸಿಟ್ಟೂ ಕೊಡ್ತೇನೆ, ಎರಡು ಕಂತಿನಲ್ಲಿ. ಸ್ಟ್ಯಾಂಪ್ ಪೇಪರಿನಲ್ಲಿ ಬರ್ಕೊಡಿ. ಬಾಗಿಯ ಮಗ ಅಂತ ಬರೀಬೇಡಿ, ನನ್ನ ಹೆಸರು ಬರೀರಿ."

"ಆಯ್ತು."

"ಇನ್ನೊಂದು. ನಿಮ್ಮ ಮನೆಗೆ ನಾನು ಬರುದಿಲ್ಲ. ಟಿವಿ ಕೆಟ್ರೆ ಅಂಗಡಿಗೆ ಕಳಿಸಿ. ಅಲ್ಲಿ ಎಂತ ಉಂಟು, ಎಂತ ಇಲ್ಲ ಅಂತ ನನಗೆ ಕಾಣ್ತದೆ."

ಬಾಗಿ ಸುಲಿದ ಬೆಳ್ಳುಳ್ಳಿಯನ್ನು ಬಟ್ಟಲಿಗೆ ಸುರಿದು ಎದ್ದಳು. "ಚಹಾ ಇಡ್ತೇನೆ. ಕುಡೀತೀರಲ್ಲ ಅಮ್ಮ?"

"ಕುಡೀತೇನೆ," ಎಂದಳು ಜಯಲತಾ, ತಟ್ಟನೆ, ಸ್ವಲ್ಪ ಜೋರಾಗಿಯೇ. ಬಾಗಿ ಅವಳ ಮುಖವನ್ನು ಒಂದು ಕ್ಷಣ ನೋಡಿ ಸ್ಟವ್ ಹಚ್ಚಿದಳು.

ಚೌತಿ ಕಳೆದ ಮೇಲೆ ಅಂಗಡಿ ಶುರುವಾಯಿತು. ಪೂಜೆಯ ದಿನ ಬಾಗಿ ಹೊಸ ಸೀರೆ ಉಟ್ಟು ಬಂದು ಷಟರಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು, ಬಂದವರಿಗೆಲ್ಲ ಪೇಡೆ ಹಂಚಿದಳು. ಜಯಲತಾ ಊಟಕ್ಕೆ ಕರೆಯಲು ಹೋದಳು. ಒಳಗಿನ ಕೋಣೆಯ ಬಾಗಿಲನ್ನು ಬೆಳಗಿನಿಂದಲೇ ತೆರೆದಿಟ್ಟಿದ್ದಳು.

"ಇಲ್ಲ ಅಮ್ಮ, ಟ್ರೈನ್ ಖಾಲಿ ಇರುವಾಗಲೇ ಹೋಗಿಬಿಡ್ತೇನೆ," ಎಂದಳು ಬಾಗಿ. ಮುಖದಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಮಗನ ಅಂಗಡಿಗೆ ಎಷ್ಟೋ ಸಲ ಬಂದಳು. ಪಕ್ಕದ ಗೇಟು ದಾಟಿ ಮನೆಗೆ ಬರಲಿಲ್ಲ.

ಯೋಗೀಶನಿಗೆ ಅಂಗಡಿ ಸಿಕ್ಕಿತು, ಬೋರ್ಡಿನ ಮೇಲೆ ಅವನ ಹೆಸರು ಬಂತು. ಮುಂಡಪ್ಪನಿಗೆ ಪ್ರತಿ ತಿಂಗಳೂ ತಪ್ಪದೆ ಪೂರ್ತಿ ಬಾಡಿಗೆ ಬಂತು. ಮಧ್ಯಾಹ್ನ ಎದುರು ಕೂತು ಊರಿನ ಮಾತಾಡಲು ಜಯಲತಾಳಿಗೆ ಇದ್ದವಳು ಬಾಗಿ ಒಬ್ಬಳೇ; ಅವಳು ಬರುವುದು ನಿಂತಿತು.